ಹಳೆಯ ಕಾರಿನ ಮುಂಚಕ್ರಗಳ ಕ್ಯಾಂಬರನ್ನು ಮನೆಯಲ್ಲೇ ನಂಬುವಂತೆ ಅಳೆಯುವುದು ಹೇಗೆ?

ಹಳೆಗಾಲಿ:

ಎಲ್ಲರಿಗೂ ನಮಸ್ಕಾರ. 1960ರ ದಶಕದಲ್ಲಿ ತಯಾರಾದ ನಾಲ್ಕು ಬಾಗಿಲಿನ ಕಾರೊಂದು ನನ್ನ ಬಳಿ ಇದೆ. ಮುಂದಿನ ಎರಡೂ ಚಕ್ರಗಳಿಗೆ ಮೇಲೊಂದು ಕೆಳಗೊಂದು ಚಕ್ರ ಹಿಡಿಯುವ ತೋಳು ಅಂದರೆ ವಿಶ್‌ಬೋನ್, ನಡುವೆ ಕಾಯಿಲ್ ಸ್ಪ್ರಿಂಗ್. ಹಿಂದೆ ಲೀಫ್ ಸ್ಪ್ರಿಂಗ್‌ಗಳ ಮೇಲೆ ಕುಳಿತ ಗಟ್ಟಿ ಆಕ್ಸಲ್. ಕೆಲವು ಕಾಲದಿಂದ ಕಾರು ಸಮತಟ್ಟಾದ ರಸ್ತೆಯಲ್ಲಿಯೂ ಎಡಕ್ಕೆ ಎಳೆಯುತ್ತಿದೆ. ಟೈರುಗಳನ್ನು ಎಡಬಲ ಅದಲುಬದಲು ಮಾಡಿ ನೋಡಿದರೂ ಎಳೆತ ಅದೇ ಕಡೆಗಿದೆ. ಅದಲುಬದಲು ಮಾಡುವ ಮೊದಲು ಬಲಗಡೆಯ ಮುಂದಿನ ಟೈರಿನ ಒಳ ಅಂಚು ಒಂದೇ ಸಮನೆ ಸವೆದಿರುವುದನ್ನು ಗಮನಿಸಿದ್ದೆ. ಕೈಯಾಡಿಸಿದರೆ ಗರಗಸದ ಹಲ್ಲಿನಂತೆ ತಗಲುವ ಸವೆತ ಅದಲ್ಲ, ನುಣ್ಣಗಿನ ಸವೆತ. ಆದ್ದರಿಂದ ಟೋ (ಮೇಲಿನಿಂದ ನೋಡಿದಾಗ ಚಕ್ರಗಳು ಒಳಮುಖವಾಗಿಯೋ ಹೊರಮುಖವಾಗಿಯೋ ಇರುವುದು) ಹೊಂದಾಣಿಕೆಗಿಂತ ಕ್ಯಾಂಬರಿನ (ಮುಂದಿನಿಂದ ನೋಡಿದಾಗ ಚಕ್ರದ ನೆತ್ತಿ ಒಳಕ್ಕೋ ಹೊರಕ್ಕೋ ವಾಲಿರುವ ಕೋನ) ಮೇಲೆಯೇ ನನಗೆ ಹೆಚ್ಚು ಅನುಮಾನ.

ಕಾರಿನ ಕೈಪಿಡಿಯ ಪ್ರಕಾರ ಮುಂಚಕ್ರಗಳ ಕ್ಯಾಂಬರ್ ಪಾಸಿಟಿವ್ (ನೆತ್ತಿ ಹೊರಕ್ಕೆ ವಾಲಿದ್ದು) ಅರ್ಧ ಡಿಗ್ರಿ ಇರಬೇಕು. ಆಚೀಚೆ ಅರ್ಧ ಡಿಗ್ರಿಯಷ್ಟು ವ್ಯತ್ಯಾಸವನ್ನು ಒಪ್ಪಬಹುದಾದರೂ ಎಡ ಮತ್ತು ಬಲ ಚಕ್ರಗಳ ನಡುವಣ ಅಂತರ ಅರ್ಧ ಡಿಗ್ರಿಯನ್ನು ಮೀರಬಾರದು ಎಂದು ಅದರಲ್ಲಿದೆ. ನನ್ನಲ್ಲಿ ಒಂದು ಒಳ್ಳೆಯ ರಸಮಟ್ಟ, ಒಂದು ತೂಗುಗುಂಡು, ವರ್ನಿಯರ್ ಕ್ಯಾಲಿಪರ್ ಮತ್ತು ಮೊಬೈಲ್ ಫೋನ್ ಇವೆ. ಗ್ಯಾರೇಜಿನ ನೆಲ ಕಾಂಕ್ರೀಟಿನದು. ತೊಳೆದ ನೀರು ಹರಿದುಹೋಗಲೆಂದು ಒಂದು ಮೂಲೆಯ ಕಡೆಗೆ ಸ್ವಲ್ಪ ಇಳಿಜಾರು ಕೊಟ್ಟಿದ್ದಾರೆ. ಇಷ್ಟರಲ್ಲಿ ಅರ್ಧ ಡಿಗ್ರಿಯ ವ್ಯತ್ಯಾಸವನ್ನು ಖಚಿತವಾಗಿ ಹೇಳುವಷ್ಟು ನಿಖರತೆ ಸಿಗುತ್ತದೆಯೇ? ಯಾವ ಸಾಧನವನ್ನು ನಂಬಬೇಕು, ಅದನ್ನು ಟೈರಿಗೆ ಆನಿಸಬೇಕೋ ರಿಮ್ಮಿಗೋ? ಅನುಭವವುಳ್ಳವರು ದಯವಿಟ್ಟು ವಿವರಿಸಿ.

ಮಟ್ಟಗೋಲು:

ಅರ್ಧ ಡಿಗ್ರಿಯೇನು, ಅದರ ಐದನೆಯ ಒಂದು ಭಾಗವನ್ನೂ ನಿಮ್ಮಲ್ಲಿರುವ ತೂಗುಗುಂಡು ಮತ್ತು ಕ್ಯಾಲಿಪರುಗಳಿಂದಲೇ ಹಿಡಿಯಬಹುದು. ಆದರೆ ಮನೆಯಲ್ಲಿ ಕ್ಯಾಂಬರ್ ಅಳೆಯುವವರು ಸಾಧನದ ಬಗ್ಗೆ ಪಡುವ ಚಿಂತೆಯನ್ನು ನೆಲದ ಬಗ್ಗೆ ಪಡುವುದಿಲ್ಲ. ಅಳತೆ ಕೆಡುವುದು ಬಹುತೇಕ ನೆಲದಿಂದ, ಆಮೇಲೆ ರಿಮ್ಮಿನಿಂದ, ಕೊನೆಯಲ್ಲಿ ಮಾತ್ರ ಸಾಧನದಿಂದ. ಆದ್ದರಿಂದ ನೆಲದಿಂದಲೇ ಆರಂಭಿಸುತ್ತೇನೆ.

ಎಡ ಮತ್ತು ಬಲ ಟೈರುಗಳ ನಡುವೆ 1270 ಮಿ.ಮೀ. ಅಂತರವಿದೆ ಎಂದುಕೊಳ್ಳೋಣ. ನೆಲ ಬಲಗಡೆಗೆ 6 ಮಿ.ಮೀ. ತಗ್ಗಾಗಿದ್ದರೆ ಇಡೀ ಕಾರು ಬಲಕ್ಕೆ ಕಾಲು ಡಿಗ್ರಿಗಿಂತ ತುಸು ಹೆಚ್ಚೇ ವಾಲಿರುತ್ತದೆ. ಆಗ ಬಲ ಚಕ್ರದ ನೆತ್ತಿ ಹೊರಕ್ಕೆ ವಾಲಿ ಅದರ ಕ್ಯಾಂಬರ್ ಪಾಸಿಟಿವ್ ಕಡೆಗೆ ಹೆಚ್ಚಿದಂತೆ ಕಾಣುತ್ತದೆ. ಎಡ ಚಕ್ರದ ನೆತ್ತಿ ಅಷ್ಟೇ ಪ್ರಮಾಣದಲ್ಲಿ ಒಳಕ್ಕೆ ವಾಲಿ ನೆಗೆಟಿವ್ ಕಡೆಗೆ ಸರಿದಂತೆ ಕಾಣುತ್ತದೆ. ಒಂದು ಕಡೆ ಕೂಡಿ ಇನ್ನೊಂದು ಕಡೆ ಕಳೆಯುವುದರಿಂದ ಎಡಬಲಗಳ ನಡುವೆ ಕಾಣುವ ಅಂತರದಲ್ಲಿ ಅರ್ಧ ಡಿಗ್ರಿಗೂ ಮೀರಿದ ದೋಷ ಸೇರಿಕೊಳ್ಳುತ್ತದೆ. ನಿಮ್ಮ ಕೈಪಿಡಿ ಒಪ್ಪುವ ಅಂತರವೇ ಅರ್ಧ ಡಿಗ್ರಿ. ಅಂದರೆ ಕಣ್ಣಿಗೆ ಸಮವೆಂದೇ ತೋರುವ ನೆಲವೊಂದು ಸರಿಯಿರುವ ಕಾರನ್ನು ಕೆಟ್ಟಿದೆಯೆಂದೂ, ಕೆಟ್ಟಿರುವ ಕಾರನ್ನು ಸರಿಯಿದೆಯೆಂದೂ ತೋರಿಸಬಲ್ಲದು.

ಇದಕ್ಕೆ ಎರಡು ದಾರಿಗಳಿವೆ. ಒಂದು, ಗಾರೆ ಕೆಲಸದವರಂತೆ ಪಾರದರ್ಶಕ ಪೈಪಿನಲ್ಲಿ ನೀರು ತುಂಬಿಸಿ, ಚಕ್ರಗಳು ನಿಲ್ಲುವ ಜಾಗಗಳ ಮಟ್ಟವನ್ನು ನೋಡಿ, ತಗ್ಗಿರುವ ಕಡೆ ತೆಳುವಾದ ಪ್ಲೈವುಡ್ ತುಂಡುಗಳನ್ನು ಕೊಟ್ಟು ಸಮ ಮಾಡುವುದು. ಪೈಪಿನೊಳಗೆ ಗಾಳಿಯ ಗುಳ್ಳೆ ಒಂದೂ ಉಳಿಯಬಾರದು. ಮುಂದಿನ ಎರಡು ಚಕ್ರಗಳ ಜಾಗ ಪರಸ್ಪರ ಸಮವಾಗಿರಬೇಕು, ಹಿಂದಿನ ಎರಡೂ ಹಾಗೆಯೇ. ಹಿಂದಿನದನ್ನು ಬಿಟ್ಟುಬಿಟ್ಟರೆ ಕಾರಿನ ಮೈ ಒಂದು ಪಕ್ಕಕ್ಕೆ ತಿರುಚಿ ನಿಂತು ಮುಂದಿನ ಸಸ್ಪೆನ್ಷನ್ ಒಂದು ಕಡೆ ಹೆಚ್ಚು ಒತ್ತಿಕೊಳ್ಳುತ್ತದೆ. ಮುಂದಿನ ಮತ್ತು ಹಿಂದಿನ ಜೋಡಿಗಳ ನಡುವೆ ತುಸು ಏರಿಳಿತವಿದ್ದರೆ ಕ್ಯಾಂಬರಿನ ಮಟ್ಟಿಗೆ ಚಿಂತೆಯಿಲ್ಲ, ಅದು ಕ್ಯಾಸ್ಟರನ್ನು (ಪಕ್ಕದಿಂದ ನೋಡಿದಾಗ ಚಕ್ರ ತಿರುಗುವ ಅಕ್ಷದ ಓರೆ) ಅಳೆಯುವಾಗ ಮುಖ್ಯವಾಗುತ್ತದೆ.

ಎರಡನೆಯ ದಾರಿ ನನಗೆ ಹೆಚ್ಚು ಇಷ್ಟ, ಏಕೆಂದರೆ ಅದು ತನ್ನನ್ನು ತಾನೇ ಪರೀಕ್ಷಿಸಿಕೊಳ್ಳುತ್ತದೆ. ಮುಂಚಕ್ರಗಳು ನಿಂತ ಎರಡು ಜಾಗಗಳಿಗೆ ಸೀಮೆಸುಣ್ಣದಿಂದ ಗುರುತು ಹಾಕಿ ಅಳತೆ ತೆಗೆದುಕೊಳ್ಳಿ. ಆಮೇಲೆ ಕಾರನ್ನು ಹೊರಗೆ ತಂದು, ಹಿಂದುಮುಂದು ತಿರುಗಿಸಿ, ಮತ್ತೆ ಮುಂಚಕ್ರಗಳೇ ಅದೇ ಗುರುತುಗಳ ಮೇಲೆ ನಿಲ್ಲುವಂತೆ ಮಾಡಿ. ಈಗ ಮೊದಲು ಬಲ ಚಕ್ರವಿದ್ದ ಜಾಗದಲ್ಲಿ ಎಡ ಚಕ್ರವಿರುತ್ತದೆ. ಮತ್ತೊಮ್ಮೆ ಅಳೆದು, ಪ್ರತಿ ಚಕ್ರದ ಎರಡು ಅಳತೆಗಳ ಸರಾಸರಿ ತೆಗೆದರೆ ಬರುವುದು ಕಾರಿನ ಕ್ಯಾಂಬರ್; ಎರಡು ಅಳತೆಗಳ ವ್ಯತ್ಯಾಸದ ಅರ್ಧ ನೆಲದ ಓರೆ. ಈ ಅರ್ಧ ಎಡಕ್ಕೂ ಬಲಕ್ಕೂ ಒಂದೇ ಆಗಿ ಬರಬೇಕು. ಬಾರದಿದ್ದರೆ ಅಳತೆಯಲ್ಲಿ ಎಲ್ಲೋ ಎಡವಟ್ಟಾಗಿದೆ ಎಂದು ಅಲ್ಲೇ ತಿಳಿಯುತ್ತದೆ.

ಇನ್ನು ರಿಮ್ಮಿನ ವಿಚಾರ. ಟೈರಿನ ಪಕ್ಕಕ್ಕೆ ಯಾವುದನ್ನೂ ಆನಿಸಬೇಡಿ. ನೆಲಕ್ಕೆ ತಾಗುವ ಭಾಗದಲ್ಲಿ ಟೈರು ಭಾರಕ್ಕೆ ಉಬ್ಬಿರುತ್ತದೆ, ಪಕ್ಕದಲ್ಲಿ ಅಚ್ಚೊತ್ತಿದ ಅಕ್ಷರಗಳೂ ಅಡ್ಡ ಬರುತ್ತವೆ. ರಿಮ್ಮಿನ ಹೊರ ಅಂಚನ್ನೇ ಹಿಡಿಯಬೇಕು. ಆದರೆ ಹಳೆಯ ಉಕ್ಕಿನ ರಿಮ್ಮುಗಳು ಹಳ್ಳಕ್ಕೆ ಬಿದ್ದು ತುಸುವಾದರೂ ಬಾಗಿರುತ್ತವೆ. ರಿಮ್ಮಿನ ನೆತ್ತಿಯ ಮೇಲೆ ಒಂದು ಗುರುತು ಮಾಡಿ, ಅಳೆದು, ಆ ಗುರುತು ಕೆಳಕ್ಕೆ ಬರುವಂತೆ ಕಾರನ್ನು ಚಕ್ರದ ಅರ್ಧ ಸುತ್ತು ತಳ್ಳಿ, ಮತ್ತೆ ಅಳೆದು ಸರಾಸರಿ ತೆಗೆಯಿರಿ. ರಿಮ್ಮಿನ ಓರೆ ಎಷ್ಟೇ ಇರಲಿ, ಈ ಸರಾಸರಿಯಲ್ಲಿ ಅದು ಕಳೆದುಹೋಗುತ್ತದೆ. 

ಅಳೆಯುವ ಕ್ರಮ ಹೀಗಿದೆ. ಚಕ್ರದ ಮುಚ್ಚಳ ತೆಗೆಯಿರಿ. ತೂಗುಗುಂಡನ್ನು ಕಾರಿಗೇ ಕಟ್ಟದೆ, ಪಕ್ಕದಲ್ಲಿಟ್ಟ ಎತ್ತರದ ಸ್ಟೂಲಿಗೋ ಮರದ ಚೌಕಟ್ಟಿಗೋ ಕಟ್ಟಿ, ದಾರವು ಚಕ್ರದ ನಡುಮಧ್ಯದ ಮುಂದೆ, ಟೈರಿನ ಉಬ್ಬಿಗೂ ಹಬ್ಬಿಗೂ ತಾಗದಷ್ಟು ದೂರದಲ್ಲಿ ಇಳಿಯುವಂತೆ ಮಾಡಿ. ಗುಂಡು ತೂಗಾಡದಂತೆ ಅದನ್ನು ಹಳೆಯ ಎಂಜಿನ್ ಆಯಿಲ್ ತುಂಬಿದ ಡಬ್ಬದಲ್ಲಿ, ತಳಕ್ಕೆ ತಾಗದಂತೆ ಮುಳುಗಿಸಿ. ದಾರ ನಿಂತ ಮೇಲೆ ಕ್ಯಾಲಿಪರಿನ ಹಿಂಬದಿಯ ಆಳ ಅಳೆಯುವ ಕಡ್ಡಿಯಿಂದ ರಿಮ್ಮಿನ ಮೇಲಂಚಿಗೂ ದಾರಕ್ಕೂ ಇರುವ ದೂರ, ಹಾಗೆಯೇ ಕೆಳಂಚಿಗೂ ದಾರಕ್ಕೂ ಇರುವ ದೂರ ತೆಗೆದುಕೊಳ್ಳಿ. ಕಡ್ಡಿ ದಾರವನ್ನು ತಳ್ಳುವುದು ಬಹಳ ಸುಲಭ. ದಾರದ ಹಿಂದೆ ಬಿಳಿ ಕಾಗದ ಹಿಡಿದು, ದಾರ ಅಲುಗುವ ಕ್ಷಣಕ್ಕೆ ತುಸು ಮೊದಲೇ ನಿಲ್ಲಿಸಬೇಕು. ಮೇಲಿನ ದೂರ ಹೆಚ್ಚಿದ್ದರೆ ಚಕ್ರದ ನೆತ್ತಿ ಒಳಗೆ ವಾಲಿದೆ, ಅಂದರೆ ನೆಗೆಟಿವ್. ಕೆಳಗಿನ ದೂರ ಹೆಚ್ಚಿದ್ದರೆ ಪಾಸಿಟಿವ್.

ನೀವು ಮುಟ್ಟಿದ ಎರಡು ಬಿಂದುಗಳ ನಡುವಣ ಎತ್ತರವನ್ನು ಟೇಪಿನಿಂದ ಅಳೆದುಕೊಳ್ಳಿ. ರಿಮ್ಮಿನ ಮೇಲೆ ಬರೆದಿರುವ ಇಂಚುಗಳ ಲೆಕ್ಕ ಇಲ್ಲಿಗೆ ಆಗದು, ಏಕೆಂದರೆ ಅದು ಟೈರು ಕೂರುವ ಜಾಗದ ವ್ಯಾಸ, ಹೊರ ಅಂಚಿನದಲ್ಲ. ಎತ್ತರ 400 ಮಿ.ಮೀ. ಇದ್ದರೆ 7 ಮಿ.ಮೀ. ವ್ಯತ್ಯಾಸವೆಂದರೆ ಒಂದು ಡಿಗ್ರಿ. 350 ಇದ್ದರೆ 6.1 ಮಿ.ಮೀ. ಬೇರೆ ಯಾವುದೇ ಅಳತೆಗೆ, ದೂರಗಳ ವ್ಯತ್ಯಾಸವನ್ನು ಎತ್ತರದಿಂದ ಭಾಗಿಸಿ 57.3ರಿಂದ ಗುಣಿಸಿದರೆ ಡಿಗ್ರಿ ಬರುತ್ತದೆ. ಇಷ್ಟು ಸಣ್ಣ ಕೋನಗಳಿಗೆ ಈ ಲೆಕ್ಕ ಧಾರಾಳವಾಗಿ ಸಾಕು.

ಎಲ್ಲಕ್ಕೂ ಮೊದಲು ಟೈರುಗಳ ಗಾಳಿ ಸರಿಯಿರಲಿ, ಡಿಕ್ಕಿಯಲ್ಲಿ ಬೇಡದ ಭಾರ ಇರದಿರಲಿ, ಪೆಟ್ರೋಲಿನ ಪ್ರಮಾಣ ಕೈಪಿಡಿ ಹೇಳಿದಂತಿರಲಿ. ಜ್ಯಾಕಿನಿಂದ ಇಳಿಸಿದ ಕಾರನ್ನು ಹಾಗೆಯೇ ಅಳೆಯಲೇಬಾರದು. ಚಕ್ರಗಳು ಒಳಕ್ಕೆ ಮಡಚಿಕೊಂಡು ಇಳಿಯುತ್ತವೆ, ಟೈರಿನ ಹಿಡಿತವು ಅವನ್ನು ಹೊರಕ್ಕೆ ಹರಡಲು ಬಿಡುವುದಿಲ್ಲ. ಕಾರನ್ನು ಅದರ ಉದ್ದದಷ್ಟಾದರೂ ಹಿಂದೆ ಮುಂದೆ ಉರುಳಿಸಿ, ಬಂಪರನ್ನು ಒತ್ತಿ ಒತ್ತಿ ಬಿಟ್ಟು, ಕೊನೆಯಲ್ಲಿ ಮುಂದಕ್ಕೆ ಉರುಳಿಸಿ ನಿಲ್ಲಿಸಿ.

ಡಿಜಿಟಲ್ ಮಾಪಕ:

ಮಟ್ಟಗೋಲು ಅವರು ನೆಲದ ಬಗ್ಗೆ ಹೇಳಿದ್ದನ್ನು ಪೂರ್ತಿ ಒಪ್ಪುತ್ತೇನೆ. ತೂಗುಗುಂಡಿನ ವಿಚಾರದಲ್ಲಿ ಮಾತ್ರ ಸ್ವಲ್ಪ ಭಿನ್ನಾಭಿಪ್ರಾಯವಿದೆ. ಬಡಗಿಗಳು ಬಳಸುವ ಅಯಸ್ಕಾಂತವಿರುವ ಸಣ್ಣ ಡಿಜಿಟಲ್ ಕೋನಮಾಪಕ ಈ ಕೆಲಸವನ್ನು ಬಹಳ ಬೇಗ ಮುಗಿಸುತ್ತದೆ. ಅದರ ದೊಡ್ಡ ಅನುಕೂಲವೆಂದರೆ ಸೊನ್ನೆಯನ್ನು ನಾವೇ ಗೊತ್ತುಮಾಡಬಹುದು. ಎರಡು ಮುಂಚಕ್ರಗಳು ನಿಲ್ಲುವ ಜಾಗಗಳ ಮೇಲೆ ನೇರವಾದ ಅಲ್ಯುಮಿನಿಯಂ ಪಟ್ಟಿಯೊಂದನ್ನು ಅಡ್ಡಲಾಗಿ ಇಟ್ಟು, ಅದರ ಮೇಲೆ ಮಾಪಕವನ್ನಿಟ್ಟು ಸೊನ್ನೆ ಒತ್ತಿದರೆ ನೆಲದ ಓರೆ ಅಲ್ಲಿಗೇ ಕಳೆದುಹೋಗುತ್ತದೆ. ಆಮೇಲೆ ಚಕ್ರದಲ್ಲಿ 90 ಡಿಗ್ರಿಗೆ ಎಷ್ಟು ಹೆಚ್ಚುಕಡಿಮೆ ಬರುತ್ತದೆಯೋ ಅದೇ ಕ್ಯಾಂಬರ್. ಪಟ್ಟಿಯ ನಡುಭಾಗ ನೆಲದ ಉಬ್ಬಿಗೆ ತಾಗದಂತೆ ಎರಡು ತುದಿಗಳ ಕೆಳಗೂ ಒಂದೇ ದಪ್ಪದ ತುಂಡುಗಳನ್ನಿಡಿ. ಮಾಪಕದ ಯಾವ ಪಕ್ಕ ಕಾರಿನ ಮುಂದಕ್ಕಿದೆ ಎಂಬುದನ್ನು ಸೊನ್ನೆ ಒತ್ತುವಾಗಲೂ ಅಳೆಯುವಾಗಲೂ ಒಂದೇ ಆಗಿ ಇಟ್ಟುಕೊಳ್ಳಬೇಕು, ಇಲ್ಲದಿದ್ದರೆ ಓರೆ ಕಳೆಯುವ ಬದಲು ಇಮ್ಮಡಿಯಾಗುತ್ತದೆ.

ಚಕ್ರಕ್ಕೆ ಆನಿಸಲು ಅದೇ ರೀತಿಯ ಗಿಡ್ಡ ಪಟ್ಟಿಯೊಂದರ ಎರಡು ತುದಿಗಳಲ್ಲಿ ಒಂದೇ ಉದ್ದದ ಬೋಲ್ಟುಗಳನ್ನು ಹಾಕಿ, ಅವುಗಳ ತುದಿ ರಿಮ್ಮಿನ ಅಂಚಿಗೆ ಕೂರುವಂತೆ ಮಾಡಿಕೊಳ್ಳಿ. ಬೋಲ್ಟುಗಳ ಉದ್ದ ಒಂದೇ ಇದೆಯೇ ಎಂದು ಗಾಜಿನ ಮೇಲಿಟ್ಟು ನೋಡುವುದಕ್ಕಿಂತ, ಪಟ್ಟಿಯನ್ನು ತಲೆಕೆಳಗಾಗಿ ಹಿಡಿದು ಮತ್ತೊಮ್ಮೆ ಅಳೆಯುವುದು ಒಳ್ಳೆಯದು. ಎರಡರ ಸರಾಸರಿಯಲ್ಲಿ ಬೋಲ್ಟುಗಳ ವ್ಯತ್ಯಾಸ ಉಳಿಯುವುದಿಲ್ಲ.

ಫೋನಿನ ಬಗ್ಗೆ ಕೇಳಿದ್ದೀರಿ. ಫೋನಿನೊಳಗಿನ ಸಂವೇದಕ ಕೆಟ್ಟದ್ದಲ್ಲ. ಆದರೆ ಹಿಂಬದಿಯ ಕ್ಯಾಮೆರಾದ ಉಬ್ಬು, ಬದಿಗಳ ದುಂಡು ಮತ್ತು ಕವರಿನ ಮೆತುವಿನಿಂದಾಗಿ ಅದನ್ನು ಪ್ರತಿ ಸಲವೂ ಒಂದೇ ರೀತಿ ಆನಿಸುವುದು ಕಷ್ಟ. ಫೋನಾಗಲಿ ಮಾಪಕವಾಗಲಿ, ಮೇಜಿನ ಮೇಲಿಟ್ಟು ಅಂಕಿ ನೋಡಿ, ಅದೇ ಜಾಗದಲ್ಲಿ ಹಿಂದುಮುಂದಾಗಿ ತಿರುಗಿಸಿ ಇಟ್ಟು ಮತ್ತೆ ನೋಡಿ. ಎರಡೂ ಅಂಕಿಗಳು ಸಮವಾಗಿ, ಚಿಹ್ನೆ ಮಾತ್ರ ಬದಲಾಗಿ ಬಂದರೆ ಸಾಧನ ನೆಟ್ಟಗಿದೆ. ಪರದೆಯ ಮೇಲೆ ಎರಡು ದಶಮಾಂಶ ಸ್ಥಾನಗಳು ಕಂಡ ಮಾತ್ರಕ್ಕೆ ಅಳತೆ ಅಷ್ಟು ನಿಖರವಾಯಿತೆಂದಲ್ಲ.

ಹಳೆಗಾಲಿ:

ಇಬ್ಬರಿಗೂ ಹೃತ್ಪೂರ್ವಕ ಧನ್ಯವಾದಗಳು. ಕೋನಮಾಪಕ ನನ್ನಲ್ಲಿ ಇಲ್ಲದ್ದರಿಂದ ತೂಗುಗುಂಡಿನ ದಾರಿಯನ್ನೇ ಹಿಡಿದೆ. ಎಂಜಿನ್ ಆಯಿಲಿನ ಡಬ್ಬ ನಿಜಕ್ಕೂ ದೊಡ್ಡ ಉಪಕಾರ ಮಾಡಿತು, ಫ್ಯಾನ್ ನಿಲ್ಲಿಸಿದ ಮೇಲೆ ದಾರ ಗೆರೆ ಎಳೆದಂತೆ ನಿಲ್ಲುತ್ತದೆ. ರಿಮ್ಮಿನ ಮೇಲೆ ನಾನು ಮುಟ್ಟಿದ ಬಿಂದುಗಳ ನಡುವಣ ಎತ್ತರ 390 ಮಿ.ಮೀ., ಮುಂಚಕ್ರಗಳ ನಡುವಣ ಅಂತರ ನೀವು ಉದಾಹರಣೆಗೆ ಹೇಳಿದ 1270 ಮಿ.ಮೀ.ಗೆ ಬಹಳ ಹತ್ತಿರವಿದೆ. ಕೆಳಗಿನ ಪ್ರತಿಯೊಂದು ಅಂಕಿಯೂ ಚಕ್ರವನ್ನು ಅರ್ಧ ಸುತ್ತು ತಿರುಗಿಸಿ ತೆಗೆದ ಸರಾಸರಿ.

ಕಾರಿನ ಮೂತಿ ಒಳಗೋಡೆಯ ಕಡೆಗಿದ್ದಾಗ ಎಡ ಚಕ್ರ ಪಾಸಿಟಿವ್ 2.2 ಮಿ.ಮೀ., ಬಲ ಚಕ್ರ ನೆಗೆಟಿವ್ 0.2 ಮಿ.ಮೀ. ತೋರಿಸಿದವು. ಕಾರನ್ನು ತಿರುಗಿಸಿ ಮೂತಿ ಬಾಗಿಲಿನ ಕಡೆಗಿಟ್ಟು, ಅದೇ ಗುರುತುಗಳ ಮೇಲೆ ಅಳೆದಾಗ ಎಡ ಚಕ್ರ ಪಾಸಿಟಿವ್ 5.9, ಬಲ ಚಕ್ರ ನೆಗೆಟಿವ್ 3.9 ಬಂದವು. ಮೊದಲನೆಯ ಅಳತೆಯಷ್ಟನ್ನೇ ನೋಡಿದ್ದರೆ ಎರಡು ಚಕ್ರಗಳ ನಡುವೆ ಮೂರನೆಯ ಒಂದು ಡಿಗ್ರಿಯಷ್ಟೇ ವ್ಯತ್ಯಾಸ, ಎಲ್ಲವೂ ಮಿತಿಯೊಳಗಿದೆ ಎಂದೇ ತೀರ್ಮಾನವಾಗುತ್ತಿತ್ತು. ಈ ಅಂಕಿಗಳನ್ನು ಹೇಗೆ ಅರ್ಥ ಮಾಡಿಕೊಳ್ಳಬೇಕು?

ಮಟ್ಟಗೋಲು:

ಬಹಳ ಶುದ್ಧವಾದ ಅಳತೆ. ಮೊದಲು ಅದನ್ನು ಪರೀಕ್ಷಿಸೋಣ. ನೆಲದ ಓರೆ ಒಂದು ಕಡೆ ಕೂಡುವಷ್ಟನ್ನೇ ಇನ್ನೊಂದು ಕಡೆ ಕಳೆಯುವುದರಿಂದ, ಎಡಬಲಗಳ ಮೊತ್ತ ಎರಡು ಸಲವೂ ಒಂದೇ ಇರಬೇಕು. ನಿಮ್ಮಲ್ಲಿ ಎರಡು ಸಲವೂ ಮೊತ್ತ ಪಾಸಿಟಿವ್ 2.0 ಮಿ.ಮೀ. ಇದೆ. ಇನ್ನು ಸರಾಸರಿ: ಎಡ ಚಕ್ರ ಪಾಸಿಟಿವ್ 4.05 ಮಿ.ಮೀ., ಅಂದರೆ 0.6 ಡಿಗ್ರಿ, ಬಲ ಚಕ್ರ ನೆಗೆಟಿವ್ 2.05 ಮಿ.ಮೀ., ಅಂದರೆ 0.3 ಡಿಗ್ರಿ. ಎರಡರ ನಡುವಣ ನಿಜವಾದ ಅಂತರ 0.9 ಡಿಗ್ರಿ. ನೆಲದ ಪಾಲು ಎರಡೂ ಚಕ್ರಗಳಿಗೆ 1.85 ಮಿ.ಮೀ. ಬರುತ್ತದೆ, ಅದನ್ನು ಕೋನಕ್ಕಿಳಿಸಿ ಚಕ್ರಗಳ ಅಂತರಕ್ಕೆ ಹಚ್ಚಿದರೆ ನಿಮ್ಮ ನೆಲ ಒಂದು ಗುರುತಿನಿಂದ ಇನ್ನೊಂದಕ್ಕೆ 6 ಮಿ.ಮೀ. ಇಳಿಯುತ್ತದೆ. ನೀರಿನ ಪೈಪಿನಿಂದ ಇದನ್ನು ಒಮ್ಮೆ ನೋಡಿಬಿಡಿ.

ಎಡ ಚಕ್ರ ಕೈಪಿಡಿಯ ಮಿತಿಯಲ್ಲಿದೆ. ಬಲ ಚಕ್ರ ಮಿತಿಯ ಹೊರಗಿದೆ, ಅಂತರವೂ ಮಿತಿಯನ್ನು ಮೀರಿದೆ. ನೀವು ಹೇಳಿದ ಲಕ್ಷಣಗಳಿಗೆ ಇದು ಸರಿಯಾಗಿ ಹೊಂದುತ್ತದೆ: ಕಾರು ಪಾಸಿಟಿವ್ ಕ್ಯಾಂಬರ್ ಹೆಚ್ಚಿರುವ ಕಡೆಗೆ ಎಳೆಯುತ್ತದೆ, ಅದು ನಿಮ್ಮ ಎಡಗಡೆ, ನೆತ್ತಿ ಒಳಕ್ಕೆ ವಾಲಿದ ಚಕ್ರ ಒಳ ಅಂಚನ್ನು ಸವೆಸುತ್ತದೆ, ಅದು ನಿಮ್ಮ ಬಲಗಡೆ.

ಆದರೂ ಶಿಮ್ (ಕೋನ ಹೊಂದಿಸಲು ವಿಶ್‌ಬೋನಿನ ಬುಡದಲ್ಲಿಡುವ ತೆಳು ತಗಡು) ಮುಟ್ಟುವ ಮೊದಲು ಒಂದನ್ನು ಖಾತ್ರಿ ಮಾಡಿಕೊಳ್ಳಬೇಕು. ಅಳೆಯುವಾಗ ಸ್ಟೇರಿಂಗ್ ನಿಜವಾಗಿ ನೇರವಿತ್ತೇ? ಕ್ಯಾಸ್ಟರ್ ಇರುವ ಕಾರಿನಲ್ಲಿ ಸ್ಟೇರಿಂಗ್ ತಿರುಗಿದಂತೆ ಕ್ಯಾಂಬರೂ ಬದಲಾಗುತ್ತದೆ, ಅದೂ ಒಂದು ಚಕ್ರದಲ್ಲಿ ಪಾಸಿಟಿವ್ ಕಡೆಗೆ, ಇನ್ನೊಂದರಲ್ಲಿ ನೆಗೆಟಿವ್ ಕಡೆಗೆ. ಕ್ಯಾಸ್ಟರ್ 4 ಡಿಗ್ರಿ ಇದ್ದು ಚಕ್ರಗಳು 5 ಡಿಗ್ರಿ ತಿರುಗಿದ್ದರೆ ಪ್ರತಿ ಚಕ್ರದಲ್ಲಿ 0.35 ಡಿಗ್ರಿಯಷ್ಟು ಬದಲಾವಣೆ ಕಾಣುತ್ತದೆ. ಇದು ನೆಲದ ಓರೆಯಂತೆಯೇ ಕಾಣಿಸುವ ದೋಷ, ಆದರೆ ಕಾರನ್ನು ಹಿಂದುಮುಂದು ತಿರುಗಿಸಿದರೆ ಕಳೆದುಹೋಗುವುದಿಲ್ಲ. ಏಕೆಂದರೆ ಅದು ಕಾರಿನ ಜೊತೆಗೇ ತಿರುಗುತ್ತದೆ. ಸ್ಟೇರಿಂಗ್ ಚಕ್ರದ ಕಡ್ಡಿಗಳು ನೇರ ಕಾಣುವುದನ್ನು ನಂಬಬೇಡಿ, ಹಿಂದೆಂದೋ ಯಾರೋ ಟೋ ಹೊಂದಿಸುವಾಗ ಅದು ಓರೆಯಾಗಿರಬಹುದು. ಕಾರಿನ ಎರಡೂ ಬದಿಗಳಲ್ಲಿ ಚಕ್ರದ ನಡುಮಟ್ಟಕ್ಕೆ, ಹಿಂಚಕ್ರದಿಂದ ಮುಂಚಕ್ರದವರೆಗೆ ಒಂದಕ್ಕೊಂದು ಸಮಾನಾಂತರವಾಗಿ ದಾರ ಎಳೆದು, ಎರಡೂ ಮುಂಚಕ್ರಗಳು ಆ ದಾರಗಳಿಗೆ ಒಂದೇ ಪ್ರಮಾಣದಲ್ಲಿ ಒಳಮುಖವಾಗಿ ಇರುವಂತೆ ಸ್ಟೇರಿಂಗನ್ನು ನಿಲ್ಲಿಸಿ, ಆ ಸ್ಥಾನಕ್ಕೆ ಸ್ಟೇರಿಂಗ್ ಕಾಲಂ ಮೇಲೆ ಟೇಪಿನ ಗುರುತು ಮಾಡಿ. ಚಕ್ರಗಳ ಕೆಳಗೆ ಗ್ರೀಸ್ ಹಚ್ಚಿದ ಎರಡೆರಡು ತಗಡುಗಳನ್ನು ಒಂದರ ಮೇಲೊಂದಿಟ್ಟರೆ ಸ್ಟೇರಿಂಗ್ ಹಗುರಾಗಿ ತಿರುಗುತ್ತದೆ, ಸಸ್ಪೆನ್ಷನ್ನೂ ಬಿಗಿಯಿಲ್ಲದೆ ಕೂರುತ್ತದೆ.

ಇನ್ನೊಂದು ಪರೀಕ್ಷೆ ನಿಮ್ಮ ಕಾರಿಗೆ ವಿಶೇಷವಾಗಿ ಅನುಕೂಲ. ನಿಮ್ಮ ಹಿಂದಿನ ಆಕ್ಸಲ್ ಗಟ್ಟಿಯಾದದ್ದು. ಅದು ಬಾಗಿಲ್ಲದಿದ್ದರೆ ಎರಡೂ ಹಿಂಚಕ್ರಗಳ ಕ್ಯಾಂಬರ್ ಸೊನ್ನೆಗೆ ಬಹಳ ಹತ್ತಿರವಿರುತ್ತದೆ. ಹಿಂಚಕ್ರಗಳನ್ನು ಅದೇ ಸೀಮೆಸುಣ್ಣದ ಗುರುತುಗಳ ಮೇಲೆ ನಿಲ್ಲಿಸಿ ಅಳೆದರೆ ಅವು ತೋರಿಸುವುದು ಹೆಚ್ಚುಕಡಿಮೆ ನೆಲದ ಓರೆಯನ್ನಷ್ಟೇ. ಅಲ್ಲಿಯೂ 1.85 ಮಿ.ಮೀ. ಆಸುಪಾಸಿನ ಅಂಕಿ, ಒಂದು ಕಡೆ ಪಾಸಿಟಿವ್, ಇನ್ನೊಂದು ಕಡೆ ನೆಗೆಟಿವ್ ಬಂದರೆ, ಲೆಕ್ಕ ಎರಡು ಬೇರೆ ಬೇರೆ ದಾರಿಗಳಿಂದ ಸಾಬೀತಾದಂತೆ.

ಕಿಂಗ್‌ಪಿನ್:

ಅಳತೆಯ ಕೆಲಸ ಚೆನ್ನಾಗಿ ನಡೆದಿದೆ, ನಾನು ಕಾರಣದ ಬಗ್ಗೆ ಹೇಳುತ್ತೇನೆ. ಹಳೆಯ ಕಾರಿನಲ್ಲಿ ಕ್ಯಾಂಬರ್ ಮಿತಿ ಮೀರಿದ್ದು ಕಂಡ ಕೂಡಲೇ ಶಿಮ್ ಸೇರಿಸುವುದನ್ನೋ ತೆಗೆಯುವುದನ್ನೋ ಯೋಚಿಸಬೇಡಿ. ಕಾರ್ಖಾನೆಯಿಂದ ಬಂದಾಗ ಆ ಚಕ್ರ ಸರಿಯಾಗಿಯೇ ಇದ್ದಿರಬೇಕು. ಈಗ ಬದಲಾಗಿದೆ ಎಂದರೆ ಏನೋ ಸವೆದಿದೆ, ಬಾಗಿದೆ ಇಲ್ಲವೇ ಕುಸಿದಿದೆ. ಸವೆತವನ್ನು ಶಿಮ್ಮಿನಿಂದ ಮುಚ್ಚಿದರೆ ಅಂಕಿ ಸರಿಹೋಗುತ್ತದೆ, ಸವೆದ ಭಾಗ ಮಾತ್ರ ಹಾಗೆಯೇ ಆಡುತ್ತಿರುತ್ತದೆ.

ನಿಮ್ಮ ಬಲ ಚಕ್ರ ನೆಗೆಟಿವ್ ಕಡೆಗೆ ಹೋಗಿರುವುದೇ ಒಂದು ಸುಳಿವು. ನೆಲ ಟೈರನ್ನು ಮೇಲಕ್ಕೆ ಒತ್ತುವ ಬಲ ಕೆಳಗಿನ ಬಾಲ್ ಜಾಯಿಂಟಿಗಿಂತ (ವಿಶ್‌ಬೋನಿನ ತುದಿಯ ಗುಂಡುಕೀಲಿಗಿಂತ) ಹೊರಗಡೆ ಬೀಳುವುದರಿಂದ, ಅದು ಚಕ್ರದ ನೆತ್ತಿಯನ್ನು ಸದಾ ಒಳಕ್ಕೆ ತಳ್ಳುತ್ತಿರುತ್ತದೆ. ಮೇಲಿನ ವಿಶ್‌ಬೋನಿನ ರಬ್ಬರ್ ಬುಷ್ ಕುಗ್ಗಿದರೂ, ಬಾಲ್ ಜಾಯಿಂಟ್ ಅಥವಾ ಚಕ್ರ ತಿರುಗುವ ಅಚ್ಚಾದ ಕಿಂಗ್‌ಪಿನ್ ಸವೆದರೂ, ವೀಲ್ ಬೇರಿಂಗ್ ಸಡಿಲವಾದರೂ ಆ ಸಡಿಲವನ್ನೆಲ್ಲ ಭಾರವು ಒಂದೇ ದಿಕ್ಕಿಗೆ ಎಳೆದುಕೊಳ್ಳುತ್ತದೆ. ಸ್ಪ್ರಿಂಗ್ ಕುಸಿದರೂ ಇಂಥ ಸಸ್ಪೆನ್ಷನ್ನಿನಲ್ಲಿ ಸಾಮಾನ್ಯವಾಗಿ ಫಲ ಅದೇ, ಏಕೆಂದರೆ ಮೇಲಿನ ವಿಶ್‌ಬೋನ್ ಕೆಳಗಿನದಕ್ಕಿಂತ ಗಿಡ್ಡವಾಗಿದ್ದು ಮೇಲೇರುವಾಗ ನೆತ್ತಿಯನ್ನು ಒಳಕ್ಕೆ ಎಳೆಯುತ್ತದೆ.

ಆದ್ದರಿಂದ ಮೊದಲು ಎರಡೂ ಕಡೆ ಹಬ್ಬಿನ ನಡುಮಧ್ಯದಿಂದ ಮಡ್‌ಗಾರ್ಡಿನ ಅಂಚಿನವರೆಗಿನ ಎತ್ತರ ಅಳೆದು ಹೋಲಿಸಿ. ಆಮೇಲೆ ಕೆಳಗಿನ ವಿಶ್‌ಬೋನಿನ ಹೊರತುದಿಯ ಬಳಿ ಜ್ಯಾಕ್ ಕೊಟ್ಟು ಚಕ್ರವನ್ನು ಸ್ವಲ್ಪವೇ ಎತ್ತಿ, ಕಾರಿನ ಚೌಕಟ್ಟಿನ ಕೆಳಗೆ ಆಕ್ಸಲ್ ಸ್ಟ್ಯಾಂಡ್ ಇಟ್ಟು, ಚಕ್ರವನ್ನು ಮೇಲೂ ಕೆಳಗೂ ಹಿಡಿದು ಅಲುಗಾಡಿಸಿ. ಆಡಿದರೆ ಇನ್ನೊಬ್ಬರಿಗೆ ಬ್ರೇಕ್ ಒತ್ತಲು ಹೇಳಿ ಮತ್ತೆ ಅಲುಗಾಡಿಸಿ. ಬ್ರೇಕ್ ಒತ್ತಿದಾಗ ಆಟ ನಿಂತರೆ ದೋಷ ಬೇರಿಂಗಿನದು, ನಿಲ್ಲದಿದ್ದರೆ ಬಾಲ್ ಜಾಯಿಂಟ್ ಇಲ್ಲವೇ ಕಿಂಗ್‌ಪಿನ್ನಿನದು. ಬುಷ್‌ಗಳ ದೋಷ ಮಾತ್ರ ಹೀಗೆ ಕೈಗೆ ಸಿಗುವುದಿಲ್ಲ. ಕಾರು ತನ್ನ ಚಕ್ರಗಳ ಮೇಲೆ ನಿಂತಿರುವಾಗಲೇ ಟಾರ್ಚ್ ಬಿಟ್ಟು ನೋಡಿ: ಬುಷ್‌ನ ನಡುವಿನ ಉಕ್ಕಿನ ಕೊಳವೆ ಹೊರ ಉಂಗುರದ ಸರಿ ಮಧ್ಯದಲ್ಲಿರಬೇಕು. ಒಂದು ಪಕ್ಕದ ರಬ್ಬರ್ ತೆಳುವಾಗಿ, ಇನ್ನೊಂದು ಪಕ್ಕ ಸಂದು ಬಿಟ್ಟಿದ್ದರೆ ಅದರ ಆಯುಸ್ಸು ಮುಗಿದಿದೆ.

ಪಾಸಿಟಿವ್ ಕ್ಯಾಂಬರ್ ಏಕೆ ಎಂದು ಹೊಸ ಕಾರುಗಳನ್ನು ನೋಡಿದವರು ಕೇಳುವುದುಂಟು. ಆ ಕಾಲದ ಕ್ರಾಸ್‌ಪ್ಲೈ ಟೈರುಗಳು, ನಡುವೆ ಉಬ್ಬಿದ ರಸ್ತೆಗಳು, ಪವರ್ ಇಲ್ಲದ ಸ್ಟೇರಿಂಗನ್ನು ಹಗುರಗೊಳಿಸುವ ಅಗತ್ಯ, ಇವೆಲ್ಲವನ್ನೂ ಲೆಕ್ಕಕ್ಕೆ ತೆಗೆದುಕೊಂಡು ಅದನ್ನು ಗೊತ್ತುಮಾಡಿದ್ದರು. ರೇಡಿಯಲ್ ಟೈರು ಹಾಕಿರುವವರು ಅನುಮತಿಸಿದ ಮಿತಿಯೊಳಗೆ ಸೊನ್ನೆಯ ಕಡೆಗೆ ಇಟ್ಟುಕೊಳ್ಳಬಹುದು, ಆದರೆ ಎಡಬಲ ಸಮವಾಗಿರುವುದೇ ಅದಕ್ಕಿಂತ ಮುಖ್ಯ.

ಹಳೆಗಾಲಿ:

ಎಲ್ಲವನ್ನೂ ಒಂದೊಂದಾಗಿ ನೋಡಿ ಈಗ ಬರೆಯುತ್ತಿದ್ದೇನೆ. ದಾರ ಎಳೆದು ಸ್ಟೇರಿಂಗನ್ನು ನೇರ ನಿಲ್ಲಿಸಿದಾಗ ಮುಂಚಕ್ರಗಳ ಅಂಕಿಗಳು ಹೆಚ್ಚು ಬದಲಾಗಲಿಲ್ಲ. ಮೂತಿ ಬಾಗಿಲಿನ ಕಡೆಗಿರುವಂತೆ ಹಿಂಚಕ್ರಗಳನ್ನು ಗುರುತುಗಳ ಮೇಲೆ ನಿಲ್ಲಿಸಿ ಅಳೆದರೆ ಎಡಕ್ಕೆ ಪಾಸಿಟಿವ್ 1.9, ಬಲಕ್ಕೆ ನೆಗೆಟಿವ್ 1.8 ಮಿ.ಮೀ. ಬಂದವು. ನೀರಿನ ಪೈಪಿನಲ್ಲಿ ನೆಲದ ಇಳಿತ 6 ಮಿ.ಮೀ. ಎಂದೇ ಕಂಡಿತು. ಲೆಕ್ಕ ಹೀಗೆ ಮೂರು ಕಡೆಯಿಂದ ಕೂಡಿಬಂದದ್ದು ಬಹಳ ಸಂತೋಷ ಕೊಟ್ಟಿತು.

ಎರಡೂ ಕಡೆಯ ಎತ್ತರದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವಿರಲಿಲ್ಲ, ಬೇರಿಂಗೂ ಬಿಗಿಯಾಗಿತ್ತು. ಆದರೆ ಬಲಗಡೆ ಮೇಲಿನ ವಿಶ್‌ಬೋನಿನ ಎರಡೂ ಬುಷ್‌ಗಳಲ್ಲಿ ಒಳಕೊಳವೆ ಪಕ್ಕಕ್ಕೆ ಸರಿದು, ಒಂದು ಬದಿಯ ರಬ್ಬರ್ ಕಾಗದದಷ್ಟು ತೆಳುವಾಗಿ, ಇನ್ನೊಂದು ಬದಿಯಲ್ಲಿ ಬೆರಳಿನ ಉಗುರು ತೂರುವಷ್ಟು ಸಂದು ಬಿಟ್ಟಿತ್ತು. ಹೊಸ ಬುಷ್‌ಗಳನ್ನು ಹಾಕಿಸಿ, ಅದೇ ಗುರುತುಗಳ ಮೇಲೆ ಎರಡು ದಿಕ್ಕಿನಲ್ಲೂ ಅಳೆದು ಸರಾಸರಿ ತೆಗೆದಾಗ ಬಲ ಚಕ್ರ ಪಾಸಿಟಿವ್ 1.5 ಮಿ.ಮೀ. ತೋರಿಸುತ್ತಿದೆ, ಎಡ ಮೊದಲಿನಂತೆಯೇ ಪಾಸಿಟಿವ್ 4 ಮಿ.ಮೀ. ಆಸುಪಾಸಿನಲ್ಲಿದೆ. ಉಳಿದ ವ್ಯತ್ಯಾಸವನ್ನು ಶಿಮ್ಮಿನಿಂದ ಸರಿಪಡಿಸಬೇಕೇ?

ಕಿಂಗ್‌ಪಿನ್:

1.5 ಮಿ.ಮೀ. ಎಂದರೆ 0.22 ಡಿಗ್ರಿ. ಎಡದ 0.6ಕ್ಕೂ ಇದಕ್ಕೂ ಅಂತರ ನಾಲ್ಕು ದಶಾಂಶ ಡಿಗ್ರಿಗಿಂತ ಕಡಿಮೆ, ಹಾಗಾಗಿ ಕೈಪಿಡಿಯ ಮಿತಿಯೊಳಗೆ ಬಂದಿದ್ದೀರಿ. ಸದ್ಯಕ್ಕೆ ಶಿಮ್ ಮುಟ್ಟಬೇಡಿ. ಅದಕ್ಕೂ ಮೊದಲು ಒಂದು ಪ್ರಶ್ನೆ: ಹೊಸ ಬುಷ್‌ಗಳ ನಟ್ಟುಗಳನ್ನು ಕೊನೆಯ ಬಿಗಿ ಕೊಡುವಾಗ ಕಾರು ಚಕ್ರಗಳ ಮೇಲೆ ನಿಂತಿತ್ತೇ, ಇಲ್ಲವೇ ಚಕ್ರ ಗಾಳಿಯಲ್ಲಿ ತೂಗುತ್ತಿತ್ತೇ? ತೂಗುವಾಗ ಬಿಗಿ ಮಾಡಿದ್ದರೆ ರಬ್ಬರ್ ಆ ಸ್ಥಾನಕ್ಕೇ ಹಿಡಿದುಕೊಂಡು, ಕಾರು ಇಳಿದಾಗ ತಿರುಚಿಕೊಂಡಿರುತ್ತದೆ. ಆ ಕಡೆ ಕಾರು ಎತ್ತರ ನಿಲ್ಲುತ್ತದೆ, ಕ್ಯಾಂಬರ್ ನಿಜವಾದದ್ದಿರುವುದಿಲ್ಲ, ಬುಷ್ ಕೂಡ ಬೇಗ ಹರಿಯುತ್ತದೆ. ಹಾಗಿದ್ದಲ್ಲಿ ನಟ್ಟುಗಳನ್ನು ಸಡಿಲಿಸಿ, ಕಾರನ್ನು ಉರುಳಿಸಿ ಕೂರಿಸಿ, ಭಾರದ ಮೇಲೆಯೇ ಮತ್ತೆ ಬಿಗಿ ಮಾಡಿ. ಸ್ವಲ್ಪ ಓಡಿಸಿದ ಮೇಲೆ ಮತ್ತೆ ಅಳೆಯಿರಿ.

ಆಗಲೂ ಬದಲಾಯಿಸಬೇಕೆನಿಸಿದರೆ ಲೆಕ್ಕ ಸುಲಭ. ಮೇಲಿನ ಮತ್ತು ಕೆಳಗಿನ ಬಾಲ್ ಜಾಯಿಂಟುಗಳ ನಡುವಣ ಎತ್ತರ 230 ಮಿ.ಮೀ. ಇದ್ದರೆ 1 ಮಿ.ಮೀ. ಶಿಮ್ ಕಾಲು ಡಿಗ್ರಿ ಬದಲಾಯಿಸುತ್ತದೆ. ನಿಮ್ಮ ಕಾರಿನ ಎತ್ತರವನ್ನು ನೀವೇ ಅಳೆದುಕೊಳ್ಳಿ. ಶಿಮ್ ಸೇರಿಸಿದರೆ ನೆತ್ತಿ ಹೊರಕ್ಕೆ ಹೋಗುತ್ತದೆಯೋ ಒಳಕ್ಕೋ ಎಂಬುದು ವಿಶ್‌ಬೋನಿನ ಶಾಫ್ಟು ಚೌಕಟ್ಟಿನ ಯಾವ ಬದಿಗೆ ಕೂತಿದೆ ಎಂಬುದರ ಮೇಲೆ ನಿಂತಿದೆ. ಒಂದೇ ಕಾಲದ ಬೇರೆ ಬೇರೆ ಕಾರುಗಳಲ್ಲಿ ಇದು ತದ್ವಿರುದ್ಧವಾಗಿರುತ್ತದೆ. ಮುಂದಿನ ಮತ್ತು ಹಿಂದಿನ ಬೋಲ್ಟುಗಳೆರಡಕ್ಕೂ ಒಂದೇ ದಪ್ಪ ಕೊಡಿ, ಇಲ್ಲದಿದ್ದರೆ ಕ್ಯಾಸ್ಟರ್ ಬದಲಾಗುತ್ತದೆ.

ಮಟ್ಟಗೋಲು:

ಒಂದನ್ನು ಮಾತ್ರ ಸೇರಿಸುತ್ತೇನೆ. ಬುಷ್ ಬದಲಾಯಿಸಿದ್ದರಿಂದ ಬಲ ಚಕ್ರದ ನೆತ್ತಿ ಹೊರಕ್ಕೆ ಬಂದಿದೆ. ಸ್ಟೇರಿಂಗ್ ತೋಳು ಟೈ ರಾಡ್‌ಗೆ (ಸ್ಟೇರಿಂಗಿನ ಚಲನೆಯನ್ನು ಚಕ್ರಕ್ಕೆ ಮುಟ್ಟಿಸುವ ಕಡ್ಡಿ) ಕಟ್ಟಿಕೊಂಡಿರುವುದರಿಂದ ಅದರ ಜೊತೆಗೆ ಆ ಕಡೆಯ ಟೋ ಕೂಡ ಕದಲಿರುತ್ತದೆ. ಕ್ಯಾಂಬರ್ ಅಂತಿಮವಾಗಿ ನಿಂತ ಮೇಲೆ, ಅದೇ ದಾರಗಳನ್ನು ಮತ್ತೆ ಎಳೆದು ಟೋ ಹೊಂದಿಸಿಕೊಳ್ಳಿ, ಆಮೇಲೆ ಎಳೆತ ಹೋಗಿದೆಯೇ ಎಂದು ರಸ್ತೆಯಲ್ಲಿ ನೋಡಿ. ಸೀಮೆಸುಣ್ಣದ ಗುರುತುಗಳನ್ನು ಬಣ್ಣದಿಂದ ಶಾಶ್ವತ ಮಾಡಿ, ತಗ್ಗಿರುವ ಕಡೆಯ ಗುರುತಿನ ಪಕ್ಕದಲ್ಲೇ 6 ಮಿ.ಮೀ. ಎಂದು ಬರೆದಿಡಿ. ಅಷ್ಟೇ ದಪ್ಪದ ಹಲಗೆಯೊಂದನ್ನು ಆ ಚಕ್ರದ ಕೆಳಗೂ, ಹಿಂಚಕ್ರಗಳು ನಿಲ್ಲುವ ಜಾಗದ ಮಟ್ಟವನ್ನೂ ನೋಡಿಕೊಂಡು ಅಲ್ಲಿಗೆ ಬೇಕಾದಷ್ಟು ದಪ್ಪದ ಇನ್ನೊಂದನ್ನು ತಗ್ಗಿನ ಕಡೆಯ ಹಿಂಚಕ್ರದ ಕೆಳಗೂ ಇಟ್ಟರೆ ಮುಂದಿನ ಸಲ ಕಾರನ್ನು ತಿರುಗಿಸುವ ಶ್ರಮ ಉಳಿಯುತ್ತದೆ.